ಕೇಳುವವರ ಮುಖ

ಭಾಷಣ ಮಾಡುವವನತ್ತ ತನ್ನ ಕ್ಯಾಮೆರಾ ತಿರುಗುವುದಿಲ್ಲ ಎಂದು ಸಿಂದಗಿಯ ನಿಜಾಮುದ್ದೀನ ಹಟ ಹಿಡಿದಿದ್ದ. ದೊಡ್ಡವರ ಮುಖಗಳನ್ನು ಸರ್ಕಾರಿ ಸಿನಿಮಾದವರು ಬೇಕಾದಷ್ಟು ತೋರಿಸುತ್ತಾರೆ, ನಿಜವಾದ ರಾಜಕೀಯ ಇರುವುದು ಕೇಳುವವರ ಮುಖದಲ್ಲಿ ಎಂಬುದು ಅವನ ವಾದ. ಮುಂಬಯಿಯಲ್ಲಿ ಸಿನಿಮಾ ಕಲಿತು ಬಂದವನ ಇಷ್ಟು ದೊಡ್ಡ ಮಾತಿಗೆ ಎದುರಾಡುವವರು ಯಾರು?

ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ಮುಳುಗಲಿರುವ ಊರಿನವರು ಹೊಲಕ್ಕೆ ಹೊಲ ಕೊಡಿ ಎಂದು ಸಭೆ ಸೇರುತ್ತಿದ್ದರು. ನಿಜಾಮುದ್ದೀನ ಅದರ ಸಾಕ್ಷ್ಯಚಿತ್ರಕ್ಕೆ ಕೈ ಹಾಕಿದ. ಸಭೆಗಳಲ್ಲಿ ಮಾತಾಡುತ್ತಿದ್ದವನು ಅವನ ಗೆಳೆಯ, ಹೊಳೆದಂಡೆಯ ರೈತ ಗೈಬುಸಾಬ.

"ನಂದೂ ಒಂದು ಮಾರಿ ತಗೀಯೋ ದೋಸ್ತ," ಎಂದು ಗೈಬುಸಾಬ ತನ್ನ ಮುಖ ಮುಂದೆ ಮಾಡಿ ಛೇಡಿಸುತ್ತಿದ್ದ.

"ನೀ ಲೀಡರ್ ಆಗೀದಿ. ನಿಂದು ತಗ್ಯಾಂಗಿಲ್ಲ," ಎಂದು ಇವನು ನಗುತ್ತಿದ್ದ.

ಆ ಮಳೆಗಾಲ ಸಭೆ ಮುಗಿಸಿ ಬರುವಾಗ ಕೃಷ್ಣೆಯಲ್ಲಿ ದೋಣಿ ಮಗುಚಿತು. ಉಳಿದವರು ಹೇಗೋ ದಡ ಸೇರಿದರು. ಗೈಬುಸಾಬನ ಹೆಣವೂ ಸಿಗಲಿಲ್ಲ. ಮಣ್ಣು ಕೊಡುವ ಮುಂಚೆ ಮಗನ ಮುಖ ನೋಡುವ ಭಾಗ್ಯ ತಾಯಿ ಸೈದಾಬಿಗೆ ಇಲ್ಲವಾಯಿತು. ಮನೆಯಲ್ಲಿ ಒಂದು ಫೋಟೋ ಸಹ ಇರಲಿಲ್ಲ. ಸಿನಿಮಾದಲ್ಲಿ ನಿನ್ನ ಮಗ ನಡೆದಾಡುತ್ತಾನೆ ನೋಡು ಎಂದು ಓಣಿಯವರು ಸಮಾಧಾನ ಹೇಳಿದರು. ಆ ಒಂದು ಮಾತಿನ ಮೇಲೆ ಮುದುಕಿ ಜೀವ ಹಿಡಿದಿದ್ದಳು.

ನಿಜಾಮುದ್ದೀನ ರೀಲುಗಳನ್ನೆಲ್ಲ ಜಾಲಾಡಿದ. ಒಂದು ಕಡೆ ಎತ್ತಿದ ಕೈ, ಇನ್ನೊಂದು ಕಡೆ ಬೆನ್ನು. ಮುಖ ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಸೈದಾಬಿಯೇ ಸಿಂದಗಿಯ ಬಸ್ಸು ಹತ್ತಿ ಬಂದುಬಿಟ್ಟಳು. ಅವನು ಇದ್ದದ್ದನ್ನೇ ತೋರಿಸಲು ಹೊರಟ. ತೊಗರಿಯ ಗೋದಾಮಿನ ಬಾಗಿಲು ಮುಚ್ಚಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಮಟಮಟ ಮಧ್ಯಾಹ್ನ ಚಿತ್ರ ತೋರಿಸಿದ.

ಸದ್ದಿಲ್ಲದ ಚಿತ್ರ. ಊರಿನವರ ಮುಖಗಳು ಒಂದೊಂದಾಗಿ ಬಂದವು. ಕೊನೆಗೆ ಸೈದಾಬಿಯದೇ ಮುಖ ಬಂತು. ತಲೆಯ ಮೇಲೆ ಸೆರಗು ಹೊದ್ದು, ಓರೆಯಾಗಿ ಯಾರನ್ನೋ ನೋಡುತ್ತ, ಹೆಮ್ಮೆಯಿಂದ ನಗುತ್ತಿದ್ದಳು.

"ನಾ ಯಾಕ ನಗಾಕತ್ತೇನಿ?"

"ಗೈಬು ಮಾತಾಡಾಕತ್ತಿದ್ದ, ಖಾಲಾ."

ಸೈದಾಬಿ ಪರದೆಯ ಮೇಲಿನ ತನ್ನ ಮುಖ ನೋಡುತ್ತಿದ್ದ ಕಡೆಗೇ ತಿರುಗಿದಳು. ಅಲ್ಲಿ ತೊಗರಿಯ ಚೀಲಗಳಿದ್ದವು.

"ಆಕಿ ಅವನ್ನ ನೋಡಾಕತ್ತಾಳಪಾ," ಎಂದು ಪರದೆಯತ್ತ ಕೈ ತೋರಿದಳು. "ನನಗೂ ಒಮ್ಮಿ ತೋರ್ಸು."