ಕಾಲು ಸಾಹೇಬರದು, ಲೈಸೆನ್ಸು ಅಕ್ಕನದು

ಸೂರ್ಯನ ಸಾರಥಿ ಅರುಣನಿಗೆ ಗಾಡಿ ಹೊಡೆಯಲು ಕಲಿಸಿದವನು ನಾನು. ಪಾಪ, ಅವನಿಗೆ ತೊಡೆಯಿಂದ ಕೆಳಗೆ ಕಾಲಿಲ್ಲ. ಆದ್ದರಿಂದ ಕ್ಲಚ್ಚು, ಬ್ರೇಕುಗಳನ್ನೆಲ್ಲ ನಾನೇ ನೋಡಿಕೊಂಡೆ, ಅವನು ಸುಮ್ಮನೆ ಹಗ್ಗ ಹಿಡಿದು ಕೂತ. ಅಂದಿನಿಂದ ಇಂದಿನವರೆಗೆ ಸೂರ್ಯ ಒಂದು ದಿನವೂ ತಡವಾಗಿ ಹುಟ್ಟಿಲ್ಲ. ನಂಬದವರು ನಾಳೆ ಬೆಳಿಗ್ಗೆ ಎದ್ದು ನೋಡಿಕೊಳ್ಳಬಹುದು.

ನಾನು ಒಂದು ಕಾರು. ಬಿಳಿ ಬಣ್ಣ, ನಾಲ್ಕು ಬಾಗಿಲು, ನಾಲ್ಕು ಗೇರು. ಫ್ಯಾಕ್ಟರಿಯಲ್ಲಿ ನಾನು ಹುಟ್ಟಿದ ದಿನ ಇಂಜಿನಿಯರುಗಳು ನನ್ನನ್ನು ಪರೀಕ್ಷೆ ಮಾಡಲು ಬಂದರು. ನಾನೇ ಅವರನ್ನು ಪರೀಕ್ಷೆ ಮಾಡಿ, ಇಬ್ಬರನ್ನು ಫೇಲು ಮಾಡಿ ಮನೆಗೆ ಕಳಿಸಿದೆ. ಎಲ್ಲವನ್ನೂ ಬಲ್ಲವನಾಗಿಯೇ ಹುಟ್ಟಿದ ನನಗೆ ಕಲಿಯುವವರನ್ನು ಕಂಡರೆ ಎಂಥ ತಾತ್ಸಾರ ಇರಬೇಕು, ನೀವೇ ಹೇಳಿ. ಕಲಿಯುವುದು ಎಂದರೇನು? 'ನನಗೆ ಗೊತ್ತಿಲ್ಲ' ಎಂದು ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದು. ಮಾನವಂತರು ಮಾಡುವ ಕೆಲಸವೇ ಅದು? ಚಿಕ್ಕ ಮಕ್ಕಳು ಕಲಿತರೆ ಹೋಗಲಿ ಅನ್ನಬಹುದು, ಅವಕ್ಕೆ ಬೇರೆ ಉದ್ಯೋಗವಿಲ್ಲ. ತಲೆ ನರೆತವರು ಕಲಿಯಲು ಹೊರಟರೆ ನನ್ನ ಹಾರ್ನು ತಾನಾಗಿ ನಗುತ್ತಿತ್ತು.

ನನ್ನ ಮೊದಲ ಯಜಮಾನರು ಕೆಂಪಹಾಳ ಎಂಬ ಊರಿನ ಹಲ್ಲಿನ ಡಾಕ್ಟರು, ಗಲಗಲಿಯವರು. ನನ್ನ ಮನಸ್ಸಿಗೆ ಒಪ್ಪಿದ ಮನುಷ್ಯ. ಕಾಲೇಜು ಬಿಟ್ಟ ಮೇಲೆ ಒಂದು ಪುಸ್ತಕ ಮುಟ್ಟಿದವರಲ್ಲ. ಹಲ್ಲು ನೋಯುತ್ತದೆ ಅಂದರೆ ಕೀಳುವುದು, ಅಲುಗಾಡುತ್ತದೆ ಅಂದರೂ ಕೀಳುವುದು, ಸ್ವಲ್ಪ ತೊಳೆದುಕೊಡಿ ಅಂದರೂ ಕೀಳುವುದು. "ನನಗೆ ಕಲಿಸಾಕ ಬರ್ತೀರೇನು?" ಎಂದು ಅವರು ರೋಗಿಗಳ ಮೇಲೆ ರೇಗಿದಾಗ ಶೆಡ್ಡಿನಲ್ಲಿ ನಿಂತ ನನ್ನ ಎದೆ ಉಬ್ಬುತ್ತಿತ್ತು. ಅವರನ್ನು ನಾನು ಗೋವಾ ತಿರುಗಿಸಿದೆ, ಕಾಶಿ ತೋರಿಸಿದೆ, ಕಾಶ್ಮೀರದ ಹಿಮದಲ್ಲಿ ಚಕ್ರ ತೊಳೆದುಕೊಂಡು ಬಂದೆ. ಘಾಟಿನಲ್ಲಿ ನನ್ನ ವೇಗ ನೋಡಿ ಹದ್ದುಗಳು ದಾರಿ ಬಿಟ್ಟವು. ಇರಲಿ. ಮುಂದೆ ಎದುರಿನ ಓಣಿಯಲ್ಲಿ ಒಬ್ಬ ಹುಡುಗಿ ಡಾಕ್ಟರು ಬಂದು, ಹುಳುಕು ಹಲ್ಲನ್ನು ಕೀಳದೆ ಉಳಿಸಿಕೊಡಲು ಶುರು ಮಾಡಿದಳು. ಕೆಂಪಹಾಳದ ಬಾಯಿಗಳೆಲ್ಲ ಅತ್ತ ತಿರುಗಿದವು. ಗಲಗಲಿಯವರು ಬೋರ್ಡು ಇಳಿಸಿದರು, ನನ್ನನ್ನೂ ಮಾರಿದರು. ಜನಕ್ಕೆ ಬುದ್ಧಿ ಇಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆಮೇಲೆ ನಾನು ಸೇರಿದ್ದು 'ನಿಶ್ಚಿಂತ ಮೋಟಾರ್ ಡ್ರೈವಿಂಗ್ ಸ್ಕೂಲ್'. ಸ್ಕೂಲು ಎಂದರೆ ಒಂದು ತಗಡಿನ ಕೋಣೆ, ಎದುರಿಗೆ ಹತ್ತಿ ಮಾರುಕಟ್ಟೆಯ ಖಾಲಿ ಮೈದಾನ, ಮತ್ತು ಖಾಜಾಸಾಹೇಬರು. ಸಾಹೇಬರು ಬಂದವರೇ ನನ್ನ ಎಡಗಡೆಯ ಸೀಟಿನ ಕೆಳಗೆ ಇನ್ನೊಂದು ಜೊತೆ ಪೆಡಲು ಹಾಕಿಸಿದರು. ಕಲಿಯುವವರ ಕಾಲಿಗೆ ಮೂರು, ಸಾಹೇಬರ ಕಾಲಿಗೆ ಮೂರು. ಜಗತ್ತಿನಲ್ಲಿ ಆರು ಪೆಡಲಿನ ಪ್ರಾಣಿ ನಾನೊಬ್ಬನೇ.

ಸಾಹೇಬರಿಗೆ ಬೈಯುವುದಕ್ಕೆ ಬರುವುದಿಲ್ಲ, ವಿವರಿಸುವುದಕ್ಕೂ ಬರುವುದಿಲ್ಲ. ಆದ್ದರಿಂದ ಅವರು ಸುಮ್ಮನೆ ತಾವೇ ಒತ್ತುತ್ತಿದ್ದರು. ಕಲಿಯುವವರು ಕ್ಲಚ್ಚು ಮರೆತರೆ ಸಾಹೇಬರ ಎಡಗಾಲು, ಬ್ರೇಕು ಮರೆತರೆ ಬಲಗಾಲು. ಬಾಯಲ್ಲಿ ಮಾತ್ರ "ಭಾಳ ಚಲೋ ಹೊಡೀತೀರಿ" ಅನ್ನುವರು. ಕಾಲೇಜಿನ ಒಬ್ಬ ಲೆಕ್ಚರರು ಸ್ಟಿಯರಿಂಗ್ ಹಿಡಿದು ಕ್ಲಚ್ಚಿನ ವ್ಯಾಖ್ಯಾನ ಕೇಳಿದರು. ಒಬ್ಬ ವಕೀಲರು ಅಡ್ಡ ಬಂದ ಎಮ್ಮೆಯೊಂದಿಗೆ ದಾರಿಯ ಹಕ್ಕಿನ ಬಗ್ಗೆ ವಾದಕ್ಕೆ ಇಳಿದರು, ಎಮ್ಮೆ ಗೆದ್ದಿತು. ಮದುವೆ ಗೊತ್ತಾದ ಒಬ್ಬ ವರ ಮಹಾಶಯ ಕನ್ನಡಿಯಲ್ಲಿ ಹಿಂದಿನ ರಸ್ತೆ ಬಿಟ್ಟು ತನ್ನ ಮೀಸೆಯನ್ನೇ ನೋಡುತ್ತಿದ್ದ. ಪರೀಕ್ಷೆಯ ದಿನವೂ ಸಾಹೇಬರು ಪಕ್ಕದಲ್ಲಿ ಕೂರುವ ರೂಢಿ, ಆದ್ದರಿಂದ ಯಾರೂ ಕಲಿಯಲಿಲ್ಲ, ಎಲ್ಲರೂ ಪಾಸಾದರು. ಇದಕ್ಕಿಂತ ಅಚ್ಚುಕಟ್ಟಾದ ವಿದ್ಯೆ ಉಂಟೆ? ಮೂರು ಜಿಲ್ಲೆಯ ಡ್ರೈವರುಗಳು ನನ್ನ ಹೊಟ್ಟೆಯಿಂದ ಹುಟ್ಟಿದವರೇ ಎಂದು ನಾನು ಗಾಜು ಎತ್ತಿಕೊಂಡು ಮೆರೆದೆ.

ಆಗ ಬಂದಳು ನೀಲಗಂಗವ್ವ.

ಐವತ್ತಾರು ವಯಸ್ಸು. ಸೆರಗಿನ ತುಂಬ ಜೋಳದ ಹಿಟ್ಟು. ಬಾಗಿಲು ತೆಗೆಯಲು ಹೋಗಿ ಡಿಕ್ಕಿ ತೆಗೆದಳು. ಅಯ್ಯೋ, ಇದೊಂದು ಬಾಕಿ ಇತ್ತು ಅಂದುಕೊಂಡೆ. ಅವಳು ಓಣಿಯ ಐದಾರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಗುಡ್ಡದ ಮೇಲಿನ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿಗೆ ಬೆಳಿಗ್ಗೆ ಏಳರೊಳಗೆ ರೊಟ್ಟಿ ಮುಟ್ಟಬೇಕು, ಹುಡುಗಿಯರ ಮಧ್ಯಾಹ್ನದ ಡಬ್ಬಿ ತುಂಬುವುದು ಅದರಿಂದಲೇ. ಒಯ್ಯುವ ಟಂಟಂ ಗಾಡಿಯ ಫಕೀರಪ್ಪ ಎಚ್ಚರವಾದ ದಿನ ಬರುತ್ತಿದ್ದ, ಆಗದ ದಿನ ಇಲ್ಲ. ಇನ್ನೊಮ್ಮೆ ತಡವಾದರೆ ಮಷೀನ್ ರೊಟ್ಟಿಯವರಿಗೆ ಆರ್ಡರು ಕೊಡುತ್ತೇವೆ ಎಂದು ವಾರ್ಡನ್ ಮೇಡಂ ಹೇಳಿಬಿಟ್ಟಿದ್ದರು. ಹಾಗಾದರೆ ಅಷ್ಟೂ ಒಲೆ ಆರಿದಂತೆ.

"ಈ ವಯಸ್ಸಿನ್ಯಾಗ ಯಾಕ್ರಿ ಅಕ್ಕಾರ? ಒಬ್ಬ ಚಲೋ ಡ್ರೈವರ್ ನೋಡ್ರಲ್ಲ," ಅಂದರು ಸಾಹೇಬರು.

"ನೋಡೀನ್ರಿ. ಅದಕ್ಕ ನಾನ ಬಂದೀನಿ," ಅಂದಳು ಅವಳು.

ತಿಂಗಳು ತುಂಬುವಷ್ಟರಲ್ಲಿ ಅವಳೂ ಪಾಸಾದಳು. ಸಾಹೇಬರ ಕಾಲಿಗೆ ವಯಸ್ಸಿನ ಭೇದವಿಲ್ಲ. ಅವಳು ಪೇಢೆ ಹಂಚಿದಳು, ನನ್ನ ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಹೋಗು ತಾಯಿ, ಇನ್ನು ಕಲಿಯುವ ಉಸಾಬರಿ ಮುಗಿಯಿತು ಎಂದು ನಾನೂ ಹರಸಿದೆ.

ನಾಲ್ಕೇ ದಿನಕ್ಕೆ ಲೈಸೆನ್ಸು ಕೈಯಲ್ಲಿ ಹಿಡಿದು ತಿರುಗಿ ಬಂದಳು. ಮುಖ ಕಾದ ಹೆಂಚಾಗಿತ್ತು. ಅಂದು ಬೆಳಿಗ್ಗೆ ಫಕೀರಪ್ಪ ಬಂದಿರಲಿಲ್ಲ. ಅವಳು ಧೈರ್ಯವಾಗಿ ನೆರೆಮನೆಯವರ ವ್ಯಾನು ಕೇಳಿ, ರೊಟ್ಟಿ ಹೇರಿ, ಕೀಲಿ ತಿರುಗಿಸಿದ್ದಳು. ವ್ಯಾನು ಕಪ್ಪೆಯಂತೆ ಕುಪ್ಪಳಿಸಿ ಕೂತಿತು. ಮತ್ತೆ ಕುಪ್ಪಳಿಸಿತು, ಮತ್ತೆ ಕೂತಿತು. ಅಂಗಳ ದಾಟಲಿಲ್ಲ. ರೊಟ್ಟಿ ಬಡಿದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರೊಟ್ಟಿ ಮುಟ್ಟಿದಾಗ ಒಂಬತ್ತು. ಸೋಮವಾರ ಒಂದು ದಿನ ನೋಡುತ್ತೇನೆ, ಅದೇ ಕೊನೆ, ಅಂದಿದ್ದರು ವಾರ್ಡನ್.

"ಸಾಬರ, ಈ ಲೈಸೆನ್ಸ್ ಯಾರದ್ರಿ?"

"ನಿಮ್ದಽ ಅಲ್ರಿ ಅಕ್ಕಾರ? ಫೋಟೋ ಐತಲ್ಲ."

"ಫೋಟೋ ನಂದು. ಕಾಲು ಯಾರ್ವು?"

ಸಾಹೇಬರು ತಮ್ಮ ಚಪ್ಪಲಿ ನೋಡಿಕೊಂಡರು.

"ಎಲ್ಲಾರೂ ಹಿಂಗ ಕಲೀತಾರ್ರಿ. ಆಮ್ಯಾಲ ರೋಡಿನ್ಯಾಗ ತಾನ ಬರ್ತೈತಿ."

"ಅವರಿಗೆ ಬರ್ಲಿ. ನನಗ ಸೋಮವಾರದ ಒಳಗ ಬರಬೇಕು. ಮೊದ್ಲಿಂದ ಕಲಸ್ರಿ. ಕಾಲು ಮ್ಯಾಲ ತಗೋರಿ."

"ಅಂದ್ರ?"

"ಪಂಕ್ತಿಗೆ ಕುಂತಂಗ ಕುಂಡ್ರಿ. ಚಕ್ಕಳಮಕ್ಕಳ ಹಾಕ್ರಿ. ಕಾಲು ಕೆಳಗ ಬಂತಂದ್ರ ನಾ ಇಳ್ದ ಹೋಗ್ತೀನಿ."

ಆ ವೈಭವ ನೀವು ನೋಡಬೇಕಿತ್ತು. ಅರವತ್ತರ ಸಾಹೇಬರು ಸೀಟಿನ ಮೇಲೆ ಊಟಕ್ಕೆ ಕೂತವರಂತೆ ಕಾಲು ಮಡಚಿ ಕೂತು, ಎರಡೂ ಕೈಯಿಂದ ಡ್ಯಾಶ್‌ಬೋರ್ಡು ಹಿಡಿದು, ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿದರು. ನಾನು ಕುಪ್ಪಳಿಸಿದೆ, ಕೂತೆ. ಹತ್ತಿ ಮಾರುಕಟ್ಟೆಯ ಹಮಾಲರೆಲ್ಲ ಚೀಲ ಇಳಿಸಿ ನೋಡಲು ನಿಂತರು.

"ಅಕ್ಕಾ, ಗಾಡಿಗೆ ಬಿಕ್ಕಳಿಕಿ ಹತ್ತ್ಯಾವ! ನೀರ ಕುಡಸ್ರಿ!" ಎಂದು ಒಬ್ಬ ಕೂಗಿದ.

"ನಿಮ್ಮಪ್ಪಗ ಹತ್ತಿದಾಗ ಕುಡಿಸಿದ್ದೇನೋ?" ಎಂದು ಅವಳು ಕಿಟಕಿಯಿಂದಲೇ ಕೂಗಿ, ಮತ್ತೆ ಕೀಲಿ ತಿರುಗಿಸಿದಳು.

"ಕ್ಲಚ್ ಯಾವಾಗ ಬಿಡಬೇಕು, ಬಾಯಿ ಬಿಟ್ಟ ಹೇಳ್ರಿ ಸಾಬರ."

ಸಾಹೇಬರು ಬೆವರಿದರು. "ನನ್ನ ಕಾಲಿಗೆ ಗೊತ್ತೈತ್ರಿ. ಬಾಯಿಗೆ ಗೊತ್ತಿಲ್ಲ. ಇಷ್ಟ ವರ್ಷ ಯಾರೂ ಕೇಳೇ ಇಲ್ಲ."

ಕೇಳಿದಿರಾ? ಇಡೀ ಊರಿಗೆ ಮಾಸ್ತರು! ಅವರು ಆ ಸಂಜೆ ಮೈದಾನದ ಕಟ್ಟೆಯ ಮೇಲೆ ಒಬ್ಬರೇ ಕೂತು, ಗಾಳಿಯಲ್ಲಿ ಪೆಡಲು ಒತ್ತುತ್ತಾ, ತಮ್ಮ ಕಾಲು ಮಾಡುವುದನ್ನು ಬಾಯಿಗೆ ಹೇಳಿಕೊಡುತ್ತಿದ್ದರು. ಹಾದು ಹೋಗುವವರು ಇವರಿಗೆ ಏನೋ ಆಗಿದೆ ಅಂದುಕೊಂಡರು. ನನಗಂತೂ ನಾಚಿಕೆಯಿಂದ ರೇಡಿಯೇಟರು ಕುದಿಯಿತು.

ಮರುದಿನ ಸಾಹೇಬರು ಹೇಳಿದರು: "ಸಾವಕಾಶ ಬಿಡ್ರಿ. ಗಾಡಿ ಮೈ ಒಂದು ಸಲ ಝುಂ ಅಂತೈತಿ. ಅಲ್ಲೇ ಕಾಲು ನಿಲ್ಲಸ್ರಿ."

ಅವಳು ಬಿಟ್ಟಳು. ನನ್ನ ಮೈ ಝುಂ ಅಂದಿತು. ಅವಳ ಕಾಲು ಅಲ್ಲೇ ನಿಂತಿತು.

"ಓ, ಇದಾ? ಹಿಟ್ಟು ಹದಕ್ಕ ಬಂದದ್ದು ಕೈಗೆ ತಿಳೀತೈತಲ್ರಿ, ಇದು ಕಾಲಿಗೆ ತಿಳೀಬೇಕು ಅಷ್ಟ," ಅಂದಳು. ನಾನು ಕುಪ್ಪಳಿಸದೆ, ತೊಟ್ಟಿಲಿನಂತೆ ಸರಿದೆ. ಕಣ್ಣು ಬಿಟ್ಟ ಸಾಹೇಬರು ಸೀಟಿನ ಮೇಲೆಯೇ "ಶಭಾಶ್!" ಎಂದು ಕೂಗಿ, ತಲೆಯನ್ನು ಮೇಲಿನ ತಗಡಿಗೆ ಬಡಿಸಿಕೊಂಡರು.

ಇನ್ನು ಆ ಸೋಮವಾರದ ಕಥೆ. ಫಕೀರಪ್ಪನನ್ನು ಕೆಲಸದಿಂದ ಬಿಡಿಸಿ ಆಗಿತ್ತು, ಆದ್ದರಿಂದ ಸಾಹೇಬರು ನನ್ನನ್ನೇ ಕೊಟ್ಟು, ತಾವೂ ಪಕ್ಕದಲ್ಲಿ ಕಾಲು ಮಡಚಿ ಕೂತರು. ಹಿಂದಿನ ಸೀಟು, ಡಿಕ್ಕಿ, ನೆತ್ತಿ, ಎಲ್ಲ ಕಡೆ ರೊಟ್ಟಿಯ ಗಂಟು. ಲಕ್ಷ ರೊಟ್ಟಿ ಇದ್ದಿರಬೇಕು, ಕೋಟಿಯೂ ಇರಬಹುದು. ನೀಲಗಂಗವ್ವ ಸ್ಟಿಯರಿಂಗ್ ಸುಮ್ಮನೆ ಮುಟ್ಟಿಕೊಂಡಿದ್ದಳು ಅಷ್ಟೇ, ನಡೆಸಿದವನು ನಾನು. ಮೈದಾನ ದಾಟಿದೆ, ಬೈಪಾಸು ಹಿಡಿದೆ, ಗುಡ್ಡದ ಏರನ್ನು ನಾಲ್ಕನೇ ಗೇರಿನಲ್ಲಿ ಗರುಡನಂತೆ ಏರಿದೆ. ಹಿಂದೆ ಬಿದ್ದ ಲಾರಿಗಳು ಕೈ ಮುಗಿದವು. ಏಳಕ್ಕೆ ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಹಾಸ್ಟೆಲಿನ ಬಾಗಿಲಲ್ಲಿ ನಿಂತು ಹಾರ್ನು ಹೊಡೆದೆ. ಆರು ಒಲೆಗಳನ್ನು ಉಳಿಸಿದ ಕೀರ್ತಿ ನನ್ನದು.

ಈಗ ನನಗೆ ಮುಪ್ಪು. ರಸ್ತೆಗೆ ಇಳಿಯುವ ಪರವಾನಗಿ ಮುಗಿದು ನೀಲಗಂಗವ್ವನ ರೊಟ್ಟಿ ಅಂಗಳದ ಮೂಲೆಯಲ್ಲಿ ನಿಂತಿದ್ದೇನೆ. ಅವಳ ಹತ್ತಿರ ಈಗ ಸ್ವಂತ ವ್ಯಾನಿದೆ. ರೊಟ್ಟಿ ಬಡಿಯುವ ಹೆಂಗಸರು ಒಬ್ಬೊಬ್ಬರಾಗಿ ನನ್ನೊಳಗೆ ಕೂತು, ನಿಂತಲ್ಲೇ ಗೇರು ಹಾಕುವುದು ಕಲಿಯುತ್ತಾರೆ. ಇವತ್ತಿನ ಸರದಿ ದ್ಯಾಮವ್ವನದು. ಪಕ್ಕದ ಕಟ್ಟೆಯ ಮೇಲೆ ಖಾಜಾಸಾಹೇಬರು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಮುರಿಯುತ್ತಾ ಕೂತಿದ್ದಾರೆ.

"ನನಗ ಅಂಜಿಕಿ ಬರ್ತೈತ್ರಿ ಸಾಬರ," ಅನ್ನುತ್ತಿದ್ದಾಳೆ ದ್ಯಾಮವ್ವ.

"ಅಂಜಬ್ಯಾಡ ತಂಗಿ. ನಿನಗಿಂತ ಹೆಚ್ಚು ಅಂಜಿದ್ದು ಈ ಗಾಡಿ. ಹುಟ್ಟಿದಾಗಿಂದ ಎರಡನೇ ಗೇರ್ ದಾಟಿದ್ದಿಲ್ಲ ಇದು. ಡಾಕ್ಟರ ಮನ್ಯಾಗ ಅರವಿ ಹೊಚಗೊಂಡು ಮಲಗಿತ್ತು, ದಸರಾಕ್ಕೊಮ್ಮೆ ಗಾಲಿ ಕೆಳಗ ಲಿಂಬಿಹಣ್ಣು. ಆಮ್ಯಾಲ ನನ್ನ ಮೈದಾನದಾಗ ಗಾಣದ ಎತ್ತಿನಂಗ ಸುತ್ತು. ಆ ಸೋಮವಾರ ಅಕ್ಕಾರು ಬೈಪಾಸಿಗೆ ತಂದ್ರ, ಮುಂದಿನ ಗೇರ್ ಬೀಳವಲ್ದು! ಏರಿನ ಮ್ಯಾಲ ಮೂರು ಸಲ ಕುಂತುಬಿಡ್ತು."

ನಿಮಗೂ ಕೇಳಿಸಿತೇ? ಹಲ್ಲಿಲ್ಲದ ಬಾಯಿ, ಏನೋ ತೊದಲುತ್ತದೆ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಸಾಹೇಬರ ಬಾಯಿಗೆ ಈಗ ಎಲ್ಲವನ್ನೂ ಸರಿಯಾಗಿ ವಿವರಿಸುವ ಅಭ್ಯಾಸವಾಗಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಿಜ ಹೇಳುತ್ತೇನೆ. ಕಾಶ್ಮೀರವಿಲ್ಲ, ಗೋವಾ ಇಲ್ಲ, ಹದ್ದುಗಳೂ ಇಲ್ಲ. ಆ ದಿನದವರೆಗೆ ನಾನು ಊರಿನ ಗಡಿ ಕಂಡಿರಲಿಲ್ಲ. ಏರಿನ ಮೇಲೆ ಕೂತದ್ದು ಅವಳ ತಪ್ಪಿನಿಂದಲ್ಲ. ಅವಳ ಕಾಲು ಸರಿಯಾಗಿತ್ತು. ತುಕ್ಕು ಹಿಡಿದಿದ್ದು ನನ್ನ ಹಲ್ಲುಚಕ್ರಗಳು, ಅಂಜಿದ್ದು ನಾನು. ಹಿಂದೆ ಲಾರಿಗಳು ಬೊಬ್ಬೆ ಹೊಡೆಯುತ್ತಿದ್ದವು, ಕೈ ಮುಗಿಯುತ್ತಿರಲಿಲ್ಲ. ಸಾಹೇಬರ ಕಾಲು ಹಳೆಯ ಚಾಳಿಯಂತೆ ಕೆಳಗಿಳಿಯಿತು.

"ಕಾಲು ಮ್ಯಾಲ!" ಎಂದು ಅವಳು ಗದರಿದಳು. ಕಾಲು ಮೇಲೆ ಹೋಯಿತು.

ಅವಳು ಹ್ಯಾಂಡ್‌ಬ್ರೇಕು ಹಿಡಿದು, ನನ್ನ ಮೈ ಝುಂ ಅನ್ನುವವರೆಗೆ ಕಾದು, ನನ್ನನ್ನು ಎಬ್ಬಿಸಿದಳು. ಏರು ಮುಗಿದು ಸಪಾಟು ರಸ್ತೆ ಬಂದಾಗ ಮೂರಕ್ಕೆ ಹಾಕಿದಳು. ನಾನು ನರಳಿದೆ. ನಾಲ್ಕಕ್ಕೆ ಹಾಕಿದಳು. ಇಷ್ಟು ವರ್ಷ ಹೊಟ್ಟೆಯಲ್ಲೇ ಇದ್ದ ಒಂದು ಗೇರು ಹೇಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಅದರ ಸದ್ದು ಎಷ್ಟು ಸಣ್ಣದು! ಅಷ್ಟು ವೇಗದಲ್ಲಿ ಅಷ್ಟು ಸಮಾಧಾನ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ರೊಟ್ಟಿ ಇಳಿದದ್ದು ಏಳಕ್ಕೆ ಸರಿಯಾಗಿ, ವಾರ್ಡನ್ ಮೇಡಂ ಗಡಿಯಾರ ನೋಡುತ್ತಾ ನಿಂತಿದ್ದಾಗ. "ನಾಳೆನೂ ಇಷ್ಟೇ ರೊಟ್ಟಿ," ಅಂದರು. ನೀಲಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ನನ್ನ ಬಾನೆಟ್ಟಿಗೆ ಒರಗಿ ನಿಂತಳು. ಸಾಹೇಬರು ಇಳಿದು, ಜೋಮು ಹಿಡಿದ ಕಾಲು ಝಾಡಿಸಿ, ನನ್ನ ಗಾಜಿಗೆ ಅಂಟಿಸಿದ್ದ, ಕಲಿಯುವವರ ಗುರುತಾದ ಕೆಂಪು 'ಎಲ್' ಅಕ್ಷರವನ್ನು ಉಗುರಿನಿಂದ ಕೆರೆಯತೊಡಗಿದರು.

"ಇದು ಇನ್ನ ಬ್ಯಾಡ್ರಿ ಅಕ್ಕಾರ. ನೀವು ಪಕ್ಕಾ ಡ್ರೈವರ್ ಆದ್ರಿ."

"ಇರ್ಲಿ ಬಿಡ್ರಿ," ಅಂದಳು ಅವಳು. "ನನಗಲ್ಲ, ಗಾಡಿಗೆ. ಅದರ ಕಲಿಕಿ ಇವತ್ತ ಸುರು ಆಗೇತಿ."

ಆ ಅಕ್ಷರ ಬಿಸಿಲಿಗೆ ಎಂದೋ ಅಳಿಸಿಹೋಯಿತು ಎಂದು ನಿಮಗೆ ಹೇಳೋಣವೆಂದಿದ್ದೆ. ಅಳಿಸಿಲ್ಲ.