ಅತ್ತಿಗೆ ಅಳಲಿಲ್ಲ

ಅಳುಮುಂಜಿಯ ಹಾಡು ಕೇಳಿ ಅಳದವರು ಭೂಮಂಡಲದಲ್ಲಿ ಇಬ್ಬರೇ: ಒಬ್ಬ ಕಿವುಡ, ಇನ್ನೊಬ್ಬ ಇನ್ನೂ ಹುಟ್ಟಿಲ್ಲ. ರಾಗ ಕಟ್ಟುವ ಅವಳನ್ನು ಊರೆಲ್ಲ ಕರೆಯುತ್ತಿದ್ದುದೇ ಅಳುಮುಂಜಿ ಎಂದು. ಅವಳು ಕಟ್ಟಿದ ವಿರಹದ ಹಾಡೊಂದು ರೇಡಿಯೊದಲ್ಲಿ ಬಂದ ದಿನ, ಗಂಡನೊಡನೆ ಜಗಳವಾಡಿ ತವರು ಸೇರಿದ್ದ ಹೆಂಗಸರೆಲ್ಲ ಗಂಡನ ಮನೆಗೆ ಮರಳಲು ಒಂದೇ ಬಸ್ಸು ಹತ್ತಿ, ಅದರ ಚಕ್ರಗಳು ನೆಲದಲ್ಲಿ ಹೂತುಹೋದವು. ಸುಳ್ಳಾದರೆ ನನ್ನ ನಾಲಗೆ ಸೇದಿಹೋಗಲಿ.

ಇಂಥವಳು ಅಂದು ಬೆಳಿಗ್ಗೆ ಹಾರ್ಮೋನಿಯಂ ಮುಂದೆ ಬೆವೆತು ತೊಪ್ಪೆಯಾಗಿ ಕೂತಿದ್ದಳು. ಅತ್ತಿಗೆ ಅಳಲಿಲ್ಲ, ಅದಕ್ಕೆ.

ಅವಳದೊಂದು ಕಟ್ಟುನಿಟ್ಟು. ರಾಗ ಕಟ್ಟುವುದು ಬಚ್ಚಲಲ್ಲಿ, ಚಿಲಕ ಹಾಕಿಕೊಂಡು, ಬೇರೆ ಕಿವಿಗೆ ಬೀಳದ ಹಾಗೆ. ಆಮೇಲೆ ಮೊದಲು ಕೇಳಿಸುವುದು ಮೇಲಿನ ಮಹಡಿಯಲ್ಲಿರುವ ಅತ್ತಿಗೆಗೆ. ಅತ್ತಿಗೆ ಕಣ್ಣೊರೆಸಿಕೊಂಡರೆ ಹಾಡು ಸ್ಟುಡಿಯೊಗೆ, ಇಲ್ಲದಿದ್ದರೆ ಒಲೆಗೆ. ಇವತ್ತು ಪಲ್ಲವಿ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಅತ್ತಿಗೆ ಅಳುವುದು ಬಿಟ್ಟು, ಇವಳಿನ್ನೂ ಹಾಡದ ಚರಣವನ್ನು ಗುನುಗಿಬಿಟ್ಟಳು!

ಅಳುಮುಂಜಿ ಹಾರ್ಮೋನಿಯಂ ಮುಚ್ಚಿದಳು. ಅಂದರೆ ಈ ರಾಗ ಮೊದಲೇ ಲೋಕದಲ್ಲಿತ್ತು. ಎಂದೋ ಕೇಳಿದ್ದು ಮನಸ್ಸಿನ ಮೂಲೆಯಲ್ಲಿ ಅಡಗಿ ಕೂತು, ಈಗ ತನ್ನದೆಂಬ ವೇಷದಲ್ಲಿ ಹೊರಬಂದಿದೆ. ಹಿಂದೆ ಒಬ್ಬ ದೊಡ್ಡ ಸಂಯೋಜಕನಿಗೆ ಹೀಗೇ ಆಗಿ, ಅವನು ಸ್ಟುಡಿಯೊ ಮೆಟ್ಟಿಲು ಹತ್ತಿದರೆ ಸಾಕು, ಕೊಳಲಿನವನು "ಜೇಬು ನೋಡ್ಕೊಳ್ರಪ್ಪೋ!" ಎನ್ನುತ್ತಿದ್ದ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಮಧ್ಯಾಹ್ನವೇ ರೆಕಾರ್ಡಿಂಗು.

"ಅತ್ತಿಗೆ, ಇದನ್ನ ಎಲ್ಲಿ ಕೇಳಿದ್ರಿ?"

"ಯಾವುದನ್ನ?" ಅತ್ತಿಗೆಯ ಮುಖ ಬಿಳಿಚಿಕೊಂಡಿತು.

"ಈಗ ಗುನುಗಿದ್ರಲ್ಲ! ಮುಚ್ಚಿಡಬೇಡಿ. ಸತ್ತವರ ಹಾಡಾ, ಬದುಕಿರೋರದಾ? ಬದುಕಿದ್ರೆ ಈಗಲೇ ಹೋಗಿ ಕಾಲಿಗೆ ಬೀಳ್ತೀನಿ."

"ಅಯ್ಯೋ, ನಿಂದೇ ಕಣೇ! ನಿನ್ನ ಬಚ್ಚಲ ಪೈಪು ನಮ್ಮ ಅಡುಗೆಮನೆಯಿಂದ ತಾನೆ ಇಳಿದು ಬರೋದು? ನೀನು ಅಲ್ಲಿ ಕೆಮ್ಮಿದ್ರೂ ನಂಗೆ ಕೇಳಿಸುತ್ತೆ."

"ಹಾಗಾದ್ರೆ ಇಷ್ಟು ವರ್ಷ ನೀವು ಅತ್ತಿದ್ದು?"

"ನಿಜವಾಗಿ ಅಳೋದು ಪೈಪಿನ ಹತ್ರ. ನಿನ್ನೆದುರು ಎರಡನೇ ಸಲ. ಅದಕ್ಕೆ ಸ್ವಲ್ಪ ಈರುಳ್ಳಿ ಬೇಕಾಗ್ತಿತ್ತು ಅಷ್ಟೆ. ಇವತ್ತು ಮನೇಲಿ ಈರುಳ್ಳಿ ಖಾಲಿ."

ಹೋದ ಜೀವ ಬಂತು. ಆದರೆ ಪೂರ್ತಿ ಬರಲಿಲ್ಲ, ಅರ್ಧ ಬಾಗಿಲಲ್ಲೇ ನಿಂತಿತು. ಅತ್ತಿಗೆ ಗುನುಗಿದ ಚರಣದ ಕೊನೆಯಲ್ಲಿ ರಾಗ ಮೇಲೇರಿ, ಯಾರೋ ಕೈ ಬಿಟ್ಟ ಹಾಗೆ ತಟಕ್ಕನೆ ಇಳಿದಿತ್ತು. ಆ ಇಳಿತವನ್ನು ಇವಳು ಬಚ್ಚಲಲ್ಲೂ ಹಾಡಿರಲಿಲ್ಲ.

"ಆ ಕೊನೇದು ನನ್ನದಲ್ಲ, ಅತ್ತಿಗೆ."

"ಪಾತ್ರೆ ತೊಳೀತಾ ಹಾಗೇ ಬಾಯಿಗೆ ಬಂತು. ತಪ್ಪಾಯ್ತೇನೇ?"

ಅಳುಮುಂಜಿ ಅದನ್ನೊಮ್ಮೆ ಹಾಡಿಕೊಂಡಳು. ಊರನ್ನೆಲ್ಲ ಅಳಿಸಿದವಳ ಕಣ್ಣೇ ತುಂಬಿತು. ಇನ್ನು ಅದಿಲ್ಲದೆ ಹಾಡಿಲ್ಲ. ಬಾಯಿ ಮುಚ್ಚಿಕೊಂಡು ಇಟ್ಟುಕೊಂಡರೆ ತಾನೂ ಜೇಬುಗಳ್ಳಿ. ಬಾಯಿ ಬಿಟ್ಟರೆ, ಹಾಡಿನ ಜೀವವೇ ಇವಳದ್ದಲ್ಲವಂತೆ ಎಂಬ ಮಾತು ಹಬ್ಬಿದ ಮೇಲೆ ಹಾಡು ಕಟ್ಟಲು ಯಾರು ಕರೆಯುತ್ತಾರೆ?

ಅವಳು ಅತ್ತಿಗೆಯ ರಟ್ಟೆ ಹಿಡಿದು ಸ್ಟುಡಿಯೊಗೆ ಎಳೆದುಕೊಂಡೇ ಹೋದಳು. ವಾದ್ಯದವರೆಲ್ಲ ಕೂತಿದ್ದರು. ಅವರೆದುರು ನಿಂತು ಹೇಳಿದಳು: "ಚರಣದ ಕೊನೆ ನನ್ನದಲ್ಲ. ಇವರದು."

ಅದೇ ಕೊಳಲಿನವನು ಇಬ್ಬರನ್ನೂ ದಿಟ್ಟಿಸಿದ. ಅವನ ಕೈ ಜೇಬಿನತ್ತ ಹೋಯಿತು. ಅವನು ಕರವಸ್ತ್ರ ತೆಗೆದು ಕೊಳಲು ಒರೆಸಿದ.

"ಹಾಗಾದ್ರೆ ಆ ತುಂಡನ್ನ ಅಮ್ಮನೇ ಒಂದ್ಸಲ ಹಾಡಿ ತೋರಿಸ್ಲಿ."

ಅತ್ತಿಗೆ ಮೈಕಿನ ಮುಂದೆ ನಿಂತು ಆ ಇಳಿತ ಹಾಡತೊಡಗಿದಳು. ಕಣ್ಣಿಂದ ನೀರು ದಳದಳ ಇಳಿಯಿತು, ಈರುಳ್ಳಿಯ ಹಂಗಿಲ್ಲದೆ. ಅಳುಮುಂಜಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.