ತೊಳೆದಿಟ್ಟ ಕಾಲಾಣೆ

ಮುಜಾಫರನ ಕೈಯಲ್ಲಿದ್ದ ಯಂತ್ರ ದುಡ್ಡು ಹುಡುಕಲೆಂದು ಕೊಂಡದ್ದಲ್ಲ, ಮೊಳೆ ಹುಡುಕಲೆಂದು ಕೊಂಡದ್ದು. ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿರುವ ಕಿರಣಕುಮಾರನ ಕಟ್ಟಿಗೆ ಮಿಲ್ಲಿನಲ್ಲಿ ಅವನು ಗರಗಸ ನಡೆಸುವ ಮೇಸ್ತ್ರಿ. ಊರೊಳಗಿನ ಮರಗಳ ಮೈಯಲ್ಲಿ ಏನುಂಟು ಏನಿಲ್ಲ! ಚುನಾವಣೆಯ ಬೋರ್ಡಿಗೆ ಹೊಡೆದ ಮೊಳೆ, ದೆವ್ವ ಕಟ್ಟಲು ಹೊಡೆದ ಮೊಳೆ, ಎಮ್ಮೆ ಕಟ್ಟುವ ಕೊಂಡಿ. ಮರ ಬೆಳೆಯುತ್ತ ಇವನ್ನೆಲ್ಲ ನುಂಗಿಕೊಂಡು ಸುಮ್ಮನೆ ನಿಂತಿರುತ್ತದೆ. ಓಡುವ ಗರಗಸಕ್ಕೆ ಇಂಥದ್ದೊಂದು ತಾಗಿದರೆ ಅದರ ಹಲ್ಲಿನ ಪಟ್ಟಿ ತುಂಡಾಗಿ ಹಾರುತ್ತದೆ. ಹಾಗೆ ಹಾರಿದ ಪಟ್ಟಿ ಒಬ್ಬ ಆಳಿನ ತೋಳು ಸೀಳಿದ ಮೇಲೆ ಮಾಲಕನಿಗೆ ಬುದ್ಧಿ ಬಂದು ಈ ಯಂತ್ರ ತರಿಸಿದ. ಉದ್ದ ಕೋಲು, ತುದಿಗೊಂದು ತಟ್ಟೆ. ದಿಮ್ಮಿಯ ಮೇಲೆ ಆಡಿಸಿದರೆ ಲೋಹ ಇದ್ದ ಕಡೆ ಕುಂಯ್ ಎನ್ನುತ್ತದೆ.

ಮರದೊಳಗಿನದು ಕಾಣಿಸುವ ಯಂತ್ರ ಮಣ್ಣಿನೊಳಗಿನದು ಕಾಣಿಸದೇ ಇರುತ್ತದೆಯೇ? ಈ ಆಲೋಚನೆ ತಲೆಗೆ ಹೊಕ್ಕಿದ್ದೇ ತಡ, ಮುಜಾಫರ ರವಿವಾರ ಬಂದರೆ ಯಂತ್ರ ಹೆಗಲಿಗೇರಿಸಿ ಕೋಗಿಲಬನದ ಕಡೆ ಕಾಳಿ ಹೊಳೆಯ ದಂಡೆಗೆ ಹೋಗತೊಡಗಿದ. ಸಿಕ್ಕದ್ದು ಪ್ರವಾಸಿಗರು ಬಿಸಾಕಿದ ಬೀರು ಬಾಟಲಿ ಮುಚ್ಚಳ. ಅವನ ಹೆಂಡತಿ ಇಶ್ರತ ಆ ಮುಚ್ಚಳಗಳನ್ನು ಕಂಡು, "ನಿಮ್ಮ ಖಜಾನಿ ಭಾಳ ದೊಡ್ಡದಾತು, ಬೀಗಾ ಹಾಕಿಡ್ರಿ" ಎಂದು ಚುಡಾಯಿಸುತ್ತಿದ್ದಳು. ಅವನು ನಗುತ್ತಿದ್ದ, ಆದರೆ ಹುಚ್ಚು ಬಿಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಮಾಲಕ ಅವನನ್ನು ಮುಂಡಗೋಡ ತಾಲೂಕಿನ ಪಾಳಾಕ್ಕೆ ಕಳಿಸಿದ. ಅಲ್ಲಿ ಸಿದ್ದಲಿಂಗ ಎಂಬ ರೈತ ಒಂದು ಮಾವಿನ ಮರ ಕಡಿಸಿ ಮಾರಾಟಕ್ಕಿಟ್ಟಿದ್ದ. ಕೊಳ್ಳುವ ಮೊದಲು ಮೊಳೆ ನೋಡಿ ಬರಬೇಕಾಗಿತ್ತು. ಮಾವು ಚೊಕ್ಕವಾಗಿತ್ತು. ಕೆಲಸ ಬೇಗ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಜಾಫರ ಅಲ್ಲೇ ಸಿದ್ದಲಿಂಗನ ಹೊಲದ ಅಂಚಿನಲ್ಲಿ ತಟ್ಟೆಯಾಡಿಸುತ್ತ ನಡೆದ. ಆಚೆ ಹೊಲದ ದೊಡ್ಡ ಹುಣಸೆ ಮರ ಇನ್ನೂ ನಾಲ್ಕು ಮಾರು ದೂರ ಇರುವಾಗಲೇ ಯಂತ್ರ ಕೂಗಿತು.

ಅಗೆದ. ಮೊಣಕೈ ಆಳದಲ್ಲಿ ಹಸಿರುಗಟ್ಟಿದ ಐದು ಬಿಲ್ಲೆಗಳು ಒಂದೇ ಕಡೆ ಇದ್ದವು. ಕೆಳಗೆ ಒಂದಿಷ್ಟು ಇದ್ದಲಿ. ಇದ್ದಲಿಯ ಕೆಳಗೆ ಇನ್ನೂ ಇದ್ದಾವೇನೋ ಎಂದು ಅದನ್ನೆಲ್ಲ ತೋಡಿ ತೆಗೆದು ಸುತ್ತ ಚೆಲ್ಲಿದ. ಬೇರೇನೂ ಇರಲಿಲ್ಲ. ಒಂದು ಬಿಲ್ಲೆಯನ್ನು ಉಗುಳು ಹಚ್ಚಿ ತಿಕ್ಕಿದಾಗ ಒಂದು ಹೆಂಗಸಿನ ಮುಖದ ಅಂಚು ಕಂಡಿತು. ರಾಣಿ! ಬ್ರಿಟಿಷರ ಕಾಲದ ತಾಮ್ರದ ಕಾಲಾಣೆ!

ಅಷ್ಟರಲ್ಲಿ ಹುಣಸೆ ಮರದ ಕೆಳಗಿಂದ ಒಬ್ಬ ಮುದುಕಿ ಕೂಗಿದಳು. "ಏ ತಮ್ಮಾ, ಬಿಸಲಾಗ ಏನ ಮಾಡಾಕತ್ತೀಪಾ?"

ಅವನು ದುಡ್ಡನ್ನು ಜೇಬಿಗಿಳಿಸಿ, ಕಾಲಿನಿಂದ ಮಣ್ಣು ಎಳೆದು ಎದ್ದ. ಆಕೆ ಕೆಂಚವ್ವ, ಆ ಮರದ ಒಡತಿ. ಗಂಡ ಇಲ್ಲ, ಮಕ್ಕಳಿಲ್ಲ. ಹೊಲವನ್ನು ಪಾಲಿಗೆ ಹಾಕಿ, ಹುಣಸೆ ಬಡಿದು, ಬೀಜ ತೆಗೆದು, ಮುಂಡಗೋಡದ ಸಂತೆಯಲ್ಲಿ ಮಾರಿ ಬದುಕುವವಳು. ಮರದ ಬೊಡ್ಡೆಗೆ ಅವಳ ಗಂಡ ಹೊಡೆದ ಒಂದು ದಪ್ಪ ಮೊಳೆ ಇತ್ತು. ಅದಕ್ಕೆ ತೂಗುಹಾಕಿದ್ದ ಬುತ್ತಿ ಬಿಚ್ಚಿ ಅವನಿಗೂ ಒಂದು ರೊಟ್ಟಿ, ಮೇಲೆ ಕೆಂಪು ಚಟ್ನಿ ಕೊಟ್ಟಳು. ಅವನು ಯಾರು, ಯಾವ ಮಂದಿ ಎಂದು ಕೇಳಲೂ ಇಲ್ಲ. ಊಟಕ್ಕೆ ಹೋಗಿದ್ದ ಸಿದ್ದಲಿಂಗ ಅಷ್ಟರಲ್ಲಿ ಮರಳಿ ಬಂದು ದೂರದಿಂದ ಇತ್ತ ನೋಡುತ್ತಿದ್ದ.

"ಅಗ್ಯಾಕತ್ತಿದ್ದಿ. ಏನ ಸಿಕ್ತು?"

"ಮೊಳೆ ರೀ, ಅಮ್ಮಾ. ಹಳೇ ಮೊಳೆ" ಎಂದ ಮುಜಾಫರ.

"ಮೊಳೀನ? ಒಗದ ಬಿಡು, ಯಾರರ ತುಳದಾರು" ಎಂದು ಆಕೆ ಅಷ್ಟಕ್ಕೆ ಬಿಟ್ಟಳು. ಹೊರಡುವಾಗ ಹೊಸ ಹುಣಸೆಹಣ್ಣು ಒಂದು ಗಂಟು ಕಟ್ಟಿ, "ನಿನ್ನ ಹೇಣತಿಗೆ ಕೊಡು, ಸಾರಿಗೆ ಚಲೋ ಹುಳಿ ಐತಿ" ಎಂದಳು. ರೊಟ್ಟಿ ತಿಂದ ಬಾಯಿಯಲ್ಲಿ ಸುಳ್ಳು ಹೇಳಿದ್ದು ಅವನಿಗೆ ಸ್ವಲ್ಪ ಚುಚ್ಚಿತು. ಸ್ವಲ್ಪವೇ. ಬಸ್ಸು ಕಾತೂರು ದಾಟುವುದರೊಳಗೆ ಮರೆತ.

ದಾಂಡೇಲಿಯ ಮನೆಯಲ್ಲಿ ಇಶ್ರತ ದುಡ್ಡನ್ನು ಕಂಡು ಮೂಗು ಮುರಿದಳು. "ಥೂ, ಪಾಚಿ ಕಟ್ಯಾವು. ಇವನ್ನ ಹಿಂಗ ಮನ್ಯಾಗ ಇಡೂದಾ?" ತಾಮ್ರದ ಹಂಡೆಯನ್ನು ಅವಳು ಹಬ್ಬಕ್ಕೆ ಮುಖ ಕಾಣುವಂತೆ ಬೆಳಗುವವಳು, ಐದು ಬಿಲ್ಲೆ ಯಾವ ಲೆಕ್ಕ? ಕೆಂಚವ್ವನ ಹುಣಸೆಹಣ್ಣನ್ನೇ ಕಿವುಚಿ, ಉಪ್ಪು ಸೇರಿಸಿ, ನಾರಿನಿಂದ ತಿಕ್ಕಿ ತೊಳೆದಳು. ರಾಣಿಯ ಮೂಗು, ಕಿರೀಟ, ಜಡೆ ಎಲ್ಲ ಎದ್ದು ಕಂಡವು. ಮುಜಾಫರ ಹಿಗ್ಗಿ ಹೀರೇಕಾಯಿಯಾಗಿ ಅವನ್ನು ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮೊದಲ ಮಳೆ ಬಿದ್ದ ವಾರ ಸಿದ್ದಲಿಂಗ ಮತ್ತೆ ಮಿಲ್ಲಿಗೆ ಬಂದ. ಈ ಸಲ ಒಂದು ಹುಣಸೆ ಮರ ಕೊಡುವುದಿದೆ ಎಂದ. ಚಹಾ ಕುಡಿಯುತ್ತ ತಾನೇ ಬಾಯಿಬಿಟ್ಟ.

"ಮರ ನನ್ನ ಗಡೀ ಒಳಗ ಐತ್ರಿ. ಗಡಿಕಲ್ಲ ಮರದಾಚೆ ಕಡೆ ಐತಿ, ಯಾರು ಬೇಕಾದ್ರೂ ನೋಡ್ಲಿ. ಆದರ ನಮ್ಮ ಚಿಗವ್ವ ಕೆಂಚವ್ವ ಹಟಾ ಹಿಡದಾಳ. ಕಲ್ಲು ನಿನ್ನ ಟ್ರ್ಯಾಕ್ಟರಿಗೆ ತಾಗಿ ತಾಗಿ ಸರದೈತಿ ಅಂತಾಳ."

"ಸರ್ವೇ ಮಾಡಸ್ರಿ" ಎಂದ ಕಿರಣಕುಮಾರ.

"ಎರಡೂ ಹೊಲ ಒಂದ ಸರ್ವೇ ನಂಬರಿನ್ಯಾಗ ಅದಾವ್ರಿ. ನಮ್ಮ ಮುತ್ಯಾ, ಅವರ ತಮ್ಮ ಬಾಯಿಮಾತಲೇ ಹಂಚಗೊಂಡಾರ. ನಕಾಶದಾಗ ಎಲ್ಲಿ ಬರಬೇಕು? ಮುದುಕಿ ಹೇಳೂದೇನಂದ್ರ, ಗಡಿ ಹಾಕುವಾಗ ಐದು ಮಂದಿ ಪಂಚರು ಇದ್ದಲಿ ಹಾಕಿ, ಅದರ ಮ್ಯಾಲೆ ಒಬ್ಬೊಬ್ರು ಒಂದೊಂದು ರಾಣಿಛಾಪಿನ ದುಡ್ಡ ಇಟ್ಟು, ಮುಚ್ಚಿ ಕಲ್ಲ ನಿಲ್ಲಿಸ್ಯಾರಂತ. ಕಲ್ಲ ಸರೀಬಹುದು, ಕೆಳಗಿಂದು ಸರ್ಯಾಂಗಿಲ್ಲ ಅಂತ ಆಕೀ ವಾದ. ನಾಳೆ ಹಿರ್ಯಾರ ಮುಂದ ಅಗದ ನೋಡೂದೈತಿ. ಇದ್ರ ಮರ ಆಕೀದು, ಇಲ್ಲಂದ್ರ ನಂದು."

ಮುಜಾಫರ ಚಹಾದ ಕಪ್ಪು ಕೆಳಗಿಟ್ಟ. ಅವನು ಹುಟ್ಟಿದ್ದು ಕಾಗದ ಮಿಲ್ಲಿನ ಕೆಲಸಗಾರರ ಚಾಳದಲ್ಲಿ. ಅಲ್ಲಿ ಗಡಿ ಎಂದರೆ ಗೋಡೆ, ಅದರಾಚೆ ಇನ್ನೊಬ್ಬರ ಮನೆ. ಮಣ್ಣಿನೊಳಗೆ ಹಿರಿಯರು ತಮ್ಮ ಮಾತನ್ನು ಹೂತಿಟ್ಟು ಹೋಗುತ್ತಾರೆಂದು ಅವನಿಗೆ ಯಾರು ಹೇಳಬೇಕು? ಗೊತ್ತಿರಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಆದರೆ ಮನಸ್ಸು ಕೇಳಿದ್ದೇ ಬೇರೆ. ಮುದುಕಿ ಕೇಳಿದಾಗ ದುಡ್ಡು ಎಂದು ಯಾಕೆ ಹೇಳಲಿಲ್ಲ? ಹೇಳಿದ್ದರೆ ಆಕೆಯೇ ತಿಳಿಸುತ್ತಿದ್ದಳು, ಅಲ್ಲೇ ಮುಚ್ಚಿ ಬರುತ್ತಿದ್ದ.

ಶೋಕೇಸಿನಿಂದ ದುಡ್ಡು ತೆಗೆದು ಜೇಬಿಗಿಟ್ಟುಕೊಂಡು ಮರುದಿನ ಮೊದಲ ಬಸ್ಸಿಗೆ ಹೊರಟ. ಹೇಗೂ ಮರ ನೋಡಿ ಬಾ ಎಂದು ಮಾಲಕ ಯಂತ್ರ ಕೊಟ್ಟಿದ್ದ. ಜನ ಸೇರುವ ಮೊದಲೇ ಹೋಗಿ ದುಡ್ಡನ್ನು ಇದ್ದಲ್ಲೇ ಇಟ್ಟುಬಿಡುವ ಯೋಚನೆ ಅವನದು. ಆದರೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವನು ಏದುಸಿರು ಬಿಡುತ್ತ ಹೊಲ ಮುಟ್ಟುವಾಗ ಹಿರಿಯರು ಗುಂಡಿಯ ಸುತ್ತ ನಿಂತಿದ್ದರು. ಅವರಲ್ಲಿ ಮುಖ್ಯ ಯಲ್ಲಪ್ಪ, ತಲೆಗೆ ಬಿಳಿ ಪಟಗ ಸುತ್ತಿದ ಮುದುಕ. ಗುಂಡಿ ಖಾಲಿ ಇತ್ತು.

"ಇಲ್ಲೇ, ಇಲ್ಲೇ ಅಂತ ನಮ್ಮ ಮಾವ ಕೈ ಮಾಡಿ ತೋರಿಸಿದ್ನೋ ಯಲ್ಲಪ್ಪಾ" ಎನ್ನುತ್ತಿದ್ದಳು ಕೆಂಚವ್ವ. ಮುಜಾಫರನನ್ನು ಕಂಡು ಅವಳ ಮುಖ ಅರಳಿತು. "ಬಂದ್ಯಾ ತಮ್ಮಾ? ಚಲೋ ಆತು. ಇವನ ಕೈಯಾಗ ಮಷಿನ್ ಐತಿ. ಅದು ಸುಳ್ಳ ಹೇಳಾಂಗಿಲ್ಲ. ಹುಡಕಪಾ, ಚಲೋತ್ನಾಗಿ ಹುಡಕು."

ತಾನೇ ಖಾಲಿ ಮಾಡಿದ ಗುಂಡಿಯ ಮೇಲೆ ಮುಜಾಫರ ಯಂತ್ರ ಆಡಿಸಿದ. ಅದು ಉಸಿರೆತ್ತಲಿಲ್ಲ. "ಇನ್ನೊಂದು ಸಲ ಆಡಸಪಾ" ಎಂದಳು ಮುದುಕಿ. ಆಡಿಸಿದ. "ಈ ಕಡೆ ಸ್ವಲ್ಪ" ಎಂದಳು. ಆ ಕಡೆಯೂ ಆಡಿಸಿದ. ಅವಳ ಕಣ್ಣು ತಟ್ಟೆಯ ಹಿಂದೆಯೇ ಸುತ್ತುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎಂದು ಅವನಿಗೆ ಎನ್ನಿಸಿತು. ಕೊನೆಗೆ ಯಂತ್ರ ಕೆಳಗಿಟ್ಟು ಜೇಬಿಗೆ ಕೈ ಹಾಕಿದ.

"ಹಿರ್ಯಾರ, ದುಡ್ಡ ಇಲ್ಲೇ ಇದ್ದೂರಿ. ನಾನ ತಗದೇನಿ. ನನ್ನದ ತಪ್ಪು. ಇದ್ದಲಿನೂ ಇತ್ತು, ಚೆಲ್ಲಿಬಿಟ್ಟೇನಿ."

ಅಂಗೈ ಬಿಡಿಸಿದ. ಐದು ಕಾಲಾಣೆಗಳು ಬಿಸಿಲಿಗೆ ಫಳಫಳ ಹೊಳೆದವು. ಸಿದ್ದಲಿಂಗ ಗಹಗಹಿಸಿ ನಕ್ಕ.

ಯಲ್ಲಪ್ಪ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ. "ನಮ್ಮ ಅಜ್ಜನ ಕಾಲದಿಂದ ಮಣ್ಣಾಗಿದ್ದ ದುಡ್ಡ ಹಿಂಗ ಇರತಾವೇನೋ?"

"ನನ್ನ ಹೇಣತಿ ತಿಕ್ಕಿ ತೊಳದಾಳ್ರಿ. ಹುಣಸೇಹಣ್ಣಿಲೆ."

"ಯಾರ ಹುಣಸೇಹಣ್ಣು?"

ಇಲ್ಲೊಂದು ಸುಳ್ಳು ಹೇಳಿದ್ದರೆ ಮುದುಕಿಗೆ ಉಪಕಾರವಾಗುತ್ತಿತ್ತೋ ಏನೋ. ಆದರೆ ಇವತ್ತು ಸುಳ್ಳು ಹೇಳುವುದಿಲ್ಲವೆಂದು ಅವನು ಬಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದ. "ಇವರದ ರೀ" ಎಂದು ಕೆಂಚವ್ವನ ಕಡೆ ನೋಡಿದ.

"ಕೇಳಿದ್ರಿಲ್ಲೋ!" ಎಂದ ಸಿದ್ದಲಿಂಗ. "ಆಕೀ ರೊಟ್ಟಿ ತಿಂದಾನ, ಆಕೀ ಗಂಟ ಒಯ್ದಾನ. ನಾನ ಕಣ್ಣಾರೆ ನೋಡೇನಿ. ಈಗ ಸಂತ್ಯಾಗಿನ ದುಡ್ಡ ತಂದು ಇಲ್ಲಿವು ಅಂತಾನ. ಇದ್ದಲಿ ಎಲ್ಲೈತಂತ ಕೇಳ್ರಿ."

ಮುಜಾಫರ ಸುತ್ತ ನೋಡಿದ. ಬೇಸಿಗೆಯಲ್ಲಿ ಸಿದ್ದಲಿಂಗ ಗೋವಿನಜೋಳದ ಕೂಳೆ ಸುಟ್ಟಿದ್ದ, ಮಳೆ ಬಿದ್ದ ಮೇಲೆ ಟ್ರ್ಯಾಕ್ಟರು ಹೊಡೆಸಿದ್ದ. ಹೊಲದ ತುಂಬ ಕರಿ ಚೂರುಗಳೇ. ಯಾವುದು ಪಂಚರ ಇದ್ದಲಿ, ಯಾವುದು ಕೂಳೆಯದು? ಅವನು ಎರಡು ಚೂರು ಹೆಕ್ಕಿ, ಹಾಗೆಯೇ ಕೈಬಿಟ್ಟ.

"ಇದ್ದದ್ದನ್ನ ಹೇಳಾಕತ್ತೇನ್ರಿ. ಖುದಾನ ಆಣೆ" ಎಂದ.

ಯಲ್ಲಪ್ಪ ಕೆಟ್ಟವನಲ್ಲ. ದುಡ್ಡನ್ನು ಅವನ ಕೈಗೆ ಮರಳಿಸಿ, "ನೀ ಖರೇನ ಹೇಳತಿರಬಹುದು, ತಮ್ಮಾ. ಆದರ ನಾವು ನೋಡೂದು ಮಣ್ಣಾಗಿಂದು, ನಿನ್ನ ಕಿಸೇದಾಗಿಂದಲ್ಲ. ಕಲ್ಲ ಎಲ್ಲೈತಿ ಅಲ್ಲೇ ಗಡಿ" ಎಂದ. ಜನ ಕರಗಿದರು. ಹೋಗುವಾಗ ಯಾರೋ, "ಮುದುಕಿ ಈ ವಯಸ್ಸಿನ್ಯಾಗ ಆಟ ಕಟ್ಟಿದ್ಲು ನೋಡು" ಎಂದದ್ದು ಅವಳಿಗೂ ಕೇಳಿಸಿತು. ಮರದ ಜೊತೆ ಅವಳ ಮರ್ಯಾದೆಯೂ ಹೋಯಿತು. ಎರಡನ್ನೂ ಕಳೆದವನು ಎದುರಿಗೇ ನಿಂತಿದ್ದ.

ಅವನು ದುಡ್ಡು ಚಾಚಿದ. ಕೆಂಚವ್ವ ತೆಗೆದುಕೊಳ್ಳಲಿಲ್ಲ, ಬೈಯಲೂ ಇಲ್ಲ. ಮರದ ಮೊಳೆಯಿಂದ ಬುತ್ತಿ ಬಿಚ್ಚಿಕೊಂಡು ಹೊರಟವಳು ಒಮ್ಮೆ ತಿರುಗಿದಳು.

"ಅವತ್ತ ಮೊಳೆ ಅಂದಿದ್ದೆಲ್ಲೋ, ತಮ್ಮಾ" ಎಂದಳು. ಅಷ್ಟೇ.

ಮುಜಾಫರ ಐದೂ ಕಾಲಾಣೆಗಳನ್ನು ಗುಂಡಿಯಲ್ಲಿಟ್ಟು ಕೈಯಿಂದಲೇ ಮಣ್ಣು ಎಳೆದ. ಇನ್ನು ಅವು ಯಾರಿಗೆ ಬೇಕು? ಮನೆಗೆ ಬಂದು ಉಣ್ಣಲಿಲ್ಲ. ಇಶ್ರತ ವಿಷಯ ಕೇಳಿ, "ಯಾ ಅಲ್ಲಾ, ನನ್ನ ಕೈ ಸುಡಲಿ" ಎಂದು ಅತ್ತಳು. ತಪ್ಪು ನಿನ್ನ ಕೈಯದಲ್ಲ, ನನ್ನ ಬಾಯಿಯದು ಎಂದು ಅವನು ಹೇಳಿದ. ಡಬ್ಬಿಯಲ್ಲಿ ಉಳಿದಿದ್ದ ಆ ಹುಣಸೆಹಣ್ಣನ್ನು ಅವಳು ಚೆಲ್ಲಲೂ ಆರದೆ, ಸಾರಿಗೆ ಹಾಕಲೂ ಆರದೆ ಹಾಗೆಯೇ ಮುಚ್ಚಿಟ್ಟಳು.

ಮುಂದಿನ ವಾರ ಲಾರಿ ಬಂತು. ಬೊಡ್ಡೆ ಇಳಿಸುವಾಗ ಮಿಲ್ಲಿನಲ್ಲೆಲ್ಲ ಹುಳಿ ವಾಸನೆ ಹರಡಿತು. ಇದೊಂದನ್ನು ಬೇರೆಯವರು ನೋಡಲಿ ಎಂದು ಮುಜಾಫರ ಕೇಳಿಕೊಂಡ. "ಯಾಕ, ಮರಕ್ಕ ಹೆದರಿದೇನು?" ಎಂದು ಮಾಲಕ ನಕ್ಕು ಕಚೇರಿಯೊಳಗೆ ಹೋದ. ಯಂತ್ರ ಹಿಡಿಯಲು ಮುಜಾಫರನೊಬ್ಬನಿಗೇ ಬರುತ್ತಿತ್ತು.

ತಟ್ಟೆಯಾಡಿಸಿದ. ಆಳೆತ್ತರದ ಜಾಗಕ್ಕೆ ಬಂದಾಗ ಯಂತ್ರ ಕುಂಯ್ ಎಂದಿತು. ನೋಡಬೇಕಾಗಿಯೇ ಇರಲಿಲ್ಲ. ಬುತ್ತಿಯ ಗಂಟು ಉಜ್ಜಿ ಉಜ್ಜಿ ನುಣುಪಾದ ಮೊಳೆ, ಬುಡದಲ್ಲಿ ತೊಗಟೆ ಅರ್ಧ ನುಂಗಿತ್ತು. ಇಕ್ಕಳ ಹಾಕಿ ಎಳೆದ. ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಅದನ್ನು ಅಂಗೈಯಲ್ಲಿ ಹಿಡಿದು ದಿಮ್ಮಿಯ ಮೇಲೆ ಕುಳಿತುಬಿಟ್ಟ.

"ಏನ ಸಿಕ್ತೋ ಮುಜಾಫರ?" ಮಾಲಕ ಒಳಗಿನಿಂದ ಕೂಗಿದ.

ಅವನು ಮೊಳೆಯನ್ನು ಅಂಗಿಯ ಅಂಚಿಗೆ ಒರೆಸಿದ. ಮಾಲಕ ಮತ್ತೊಮ್ಮೆ ಕೂಗಿದ ಮೇಲೆ, "ಮೊಳೆ ರೀ" ಎಂದ. "ಹಳೇ ಮೊಳೆ."

"ಹಂಗಾರ ಹಚ್ಚು ಗರಗಸಕ್ಕ" ಎಂದ ಕಿರಣಕುಮಾರ. ಅವನು ಎದ್ದು ಬಂದು ನೋಡಲೂ ಇಲ್ಲ.